ಎಡಗೈಯ ಗೋಡೆ

ಮದುವೆಯಾಗಿ ಈ ಮನೆಗೆ ಕಾಲಿಟ್ಟ ದಿನದಿಂದಲೂ ಮನ್ಸರಾಳ ಕಣ್ಣು ಗೋಡೆಗಳ ಮೇಲಿತ್ತು. ಹೊರಗಿನ ಬಿಳಿ ಮಣ್ಣು ಮಳೆಗೆ ತೊಳೆದುಹೋಗಿ ಕಲ್ಲುಗಳು ಹಲ್ಲು ಕಿರಿಯುತ್ತಿದ್ದವು. ಕೆಳಗಿನ ಕೆಮ್ಮಣ್ಣಿನ ಪಟ್ಟೆಗೆ ಆಡುಗಳು ಮೈ ಉಜ್ಜಿ, ಕೋಳಿಗಳು ಕೆದರಿ, ಅದು ಎಲ್ಲೆಂದರಲ್ಲಿ ಉದುರಿತ್ತು. ಅವಳ ತವರಿನ ಕಡೆ ಇಂಥ ಗೋಡೆ ಕಂಡರೆ ‘ಈ ಮನೆಯಲ್ಲಿ ಹೆಂಗಸರಿಲ್ಲವೇ?’ ಎಂದು ದಾರಿಹೋಕರೂ ಕೇಳುತ್ತಿದ್ದರು. ಇಲ್ಲಿ ಹಾಗೆ ಕೇಳುವಂತಿರಲಿಲ್ಲ. ಹೆಂಗಸು ಇದ್ದಳು, ತೀರಿಕೊಂಡಿದ್ದಳು. ಹರ್ಕ ಬಹಾದುರನ ಮೊದಲ ಹೆಂಡತಿ ಹೋದದ್ದು ಒಂದು ದಸೈಂ ಹಬ್ಬ ಮುಗಿದ ತಿಂಗಳೊಳಗೆ, ಜ್ವರ ಬಂದು. ಸಾವಿನ ವರ್ಷದಲ್ಲಿ ಮನೆಗೆ ಹಬ್ಬವಿಲ್ಲ, ಹಣೆಗೆ ಟಿಕಾ ಇಲ್ಲ, ಗೋಡೆಗೆ ಬಣ್ಣವೂ ಇಲ್ಲ. ಹೀಗೆ ಮರುವರ್ಷದ ದಸೈಂ ಬರಿದೇ ಕಳೆದು, ವರ್ಷದ ತಿಥಿ ಮುಗಿದು, ಚಳಿ ಇಳಿಯುವ ಹೊತ್ತಿಗೆ ಮನ್ಸರಾ ಬಂದಳು.

ಹರ್ಕ ಬುಟ್ವಲ್ ಪೇಟೆಯ ಕಬ್ಬಿಣ, ಸಿಮೆಂಟಿನ ಗೋದಾಮಿನಲ್ಲಿ ಕೆಲಸಕ್ಕಿದ್ದ. ಬೆಟ್ಟದ ಮೇಲಿನ ಈ ಮನೆಯಲ್ಲಿ ಉಳಿದವರು ಅತ್ತೆ, ಸೊಸೆ ಮತ್ತು ಸತ್ತವಳ ಮಗಳು ಬಿಪನಾ. ಬಿಪನಾಗೆ ಆಗ ಹದಿಮೂರರ ಹತ್ತಿರ. ಕೆಟ್ಟ ಹುಡುಗಿಯೇನಲ್ಲ. ಹೇಳಿದ ಕೆಲಸ ಮಾಡುತ್ತಿದ್ದಳು, ಎದುರಾಡುತ್ತಿರಲಿಲ್ಲ. ಆದರೆ ಮನ್ಸರಾಳನ್ನು ಅವಳು ಏನೆಂದೂ ಕರೆದಿರಲಿಲ್ಲ. ‘ಕಾಂಛಿ ಆಮಾ’ ಅನ್ನು, ಚಿಕ್ಕಮ್ಮನಿಗೆ ಹಾಗೇ ಅನ್ನಬೇಕು ಎಂದು ಅಜ್ಜಿ ಹೇಳಿಕೊಟ್ಟಿದ್ದಳು. ಹುಡುಗಿ ತಲೆಯಾಡಿಸಿದ್ದಳು, ಅಷ್ಟೇ. ನೀರು ಬೇಕಾದರೆ ಹತ್ತಿರ ಬಂದು ನಿಂತು ‘ನೀರು ಬೇಕಿತ್ತು’ ಎನ್ನುವಳು. ಹೊಲದಲ್ಲಿ ದೂರದಿಂದ ಕರೆಯಬೇಕಾಗಿ ಬಂದರೆ ಕೂಗದೆ ಅಷ್ಟು ದೂರವೂ ನಡೆದು ಬರುವಳು. ಒಂದು ಪದವನ್ನು ತಪ್ಪಿಸಲು ಅವಳು ಪಡುತ್ತಿದ್ದ ಪಾಡು ನೋಡಿ ಮನ್ಸರಾಗೆ ಒಮ್ಮೊಮ್ಮೆ ನಗು ಬರುತ್ತಿತ್ತು, ಒಮ್ಮೊಮ್ಮೆ ಅಳು.

ದಸೈಂ ಹತ್ತಿರ ಬಂದಂತೆ ಅವಳಿಗೆ ಒಂದೇ ಯೋಚನೆ. ಹತ್ತನೆಯ ದಿನ ಹಿರಿಯರು ಕಿರಿಯರ ಹಣೆಗೆ ಟಿಕಾ ಇಡುತ್ತಾರೆ. ಅಕ್ಕಿ, ಮೊಸರು, ಕುಂಕುಮ ಕಲಸಿದ ಆ ತಟ್ಟೆ ಹಿಡಿದು ಅವಳು ಈ ಮನೆಯಲ್ಲಿ ಮೊದಲ ಸಲ ಕೂರಬೇಕು. ಅವಳಿಗಿಂತ ಕಿರಿಯಳೆಂದು ಈ ಮನೆಯಲ್ಲಿ ಇದ್ದವಳು ಒಬ್ಬಳೇ. ಆ ಹುಡುಗಿ ಹಣೆ ಒಡ್ಡಿದರೆ ಮನ್ಸರಾ ಈ ಮನೆಯ ತಾಯಿ. ಒಡ್ಡದಿದ್ದರೆ ಅನ್ನ ಬೇಯಿಸಿ, ಆಡು ಕಾಯಲು ತಂದುಕೊಂಡ ಹೆಂಗಸು. ಅದನ್ನು ಊರೂ ನೋಡುತ್ತದೆ.

ಅತ್ತೆ ಅಂಗಳದಲ್ಲಿ ಕೂತು ಸಾಸಿವೆ ಕೇರುತ್ತ ಸೊಸೆಗೆ ಹೇಳಿದಳು, “ಬುಹಾರಿ, ಈ ಸಲ ಮನೆಗೆ ಚೆನ್ನಾಗಿ ಕಾರಣೆ ಆಗ್ಬೇಕು. ಒಳಗೂ ಹೊರಗೂ. ಈ ಮನೇಲಿ ಮತ್ತೆ ಹೆಣ್ಣು ಬಂದಿದೆ ಅಂತ ಕೆಳಗಿನ ರಸ್ತೇಲಿ ಬಸ್ಸಲ್ಲಿ ಹೋಗೋರಿಗೂ ಕಾಣ್ಬೇಕು.”

“ಕಾಣ್ಸೋಣ ಆಮಾ. ಅದೊಂದು ನಂಗೆ ಬಿಡಿ,” ಎಂದಳು ಮನ್ಸರಾ. ಅದು ಜಂಬದ ಮಾತೇ. ಆದರೆ ಜಂಬ ಪಡಲು ಅವಳಿಗೆ ಕಾರಣವಿತ್ತು. ತವರಿನಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಗೋಡೆಗೆ ಮಣ್ಣು ಮೆತ್ತಲು ಅವಳನ್ನೇ ಕರೆಯುತ್ತಿದ್ದರು.

ಊರ ಹೆಂಗಸರೆಲ್ಲ ಒಟ್ಟಾಗಿ ಗುಡ್ಡದ ಬದಿಗೆ ಕೆಮ್ಮಣ್ಣು ಅಗೆಯಲು ಹೋದರು. ಬಿಪನಾ ಕೂಡ ಬೆನ್ನಿಗೆ ಬುಟ್ಟಿ ಹಾಕಿ, ಅದರ ಪಟ್ಟಿಯನ್ನು ಹಣೆಗೆ ಆನಿಸಿಕೊಂಡು ಬಂದಳು. ದಾರಿಯಲ್ಲಿ ಪಕ್ಕದ ಮನೆಯ ಠೂಲಿ ಕಾಕಿಯ ಬಾಯಿಗೆ ಬಿಡುವಿರಲಿಲ್ಲ. ಆಕೆ ಊರಿಗೇ ದೊಡ್ಡ ಚಿಕ್ಕಮ್ಮ, ನಾಲಗೆಯೂ ಅಷ್ಟೇ ದೊಡ್ಡದು.

“ನಮ್ಮ ಹೊಸ ಬುಹಾರಿ ಮಣ್ಣನ್ನ ಬೆಣ್ಣೆ ಹಾಗೆ ನಾದ್ತಾಳಂತೆ. ಹರ್ಕ ಪೇಟೆಯಿಂದ ಬಂದು ಗೋಡೇನೇ ರೊಟ್ಟಿ ಅಂದ್ಕೊಂಡು ಕಚ್ಚಿಬಿಟ್ಟಾನು!”

“ಕಚ್ಚಿದ್ರೆ ನಿಮ್ಮ ಮನೆ ಗೋಡೆಗೇ ಕಳಿಸ್ತೀನಿ ಕಾಕಿ, ಅದು ಹೇಗೂ ಉದುರ್ತಾ ಇದೆ,” ಎಂದಳು ಮನ್ಸರಾ. ಹೆಂಗಸರು ಗೊಳ್ಳೆಂದು ನಕ್ಕರು. ಬಿಪನಾಳ ತುಟಿಯ ತುದಿಯಲ್ಲೂ ಒಂದಿಷ್ಟು ನಗು ಕಂಡಿತು. ಮನ್ಸರಾ ಅದನ್ನು ಮನೆಯವರೆಗೂ ನೆನೆಯುತ್ತ ಬಂದಳು.

ಹೊರಗೋಡೆಗೆ ಅವಳು ಕೈ ಹಾಕಿದ ಮೇಲೆ ದಾರಿಯಲ್ಲಿ ಹೋಗುವವರು ನಿಂತು ನೋಡತೊಡಗಿದರು. ಮಣ್ಣನ್ನು ಸೋಸಿ, ಸಗಣಿ ಮತ್ತು ಸಣ್ಣಗೆ ಕೊಚ್ಚಿದ ಹುಲ್ಲು ಬೆರೆಸಿ, ಹದಕ್ಕೆ ಬರುವ ತನಕ ಅವಳು ಬಿಡುತ್ತಿರಲಿಲ್ಲ. ಮೆತ್ತುವ ಮೊದಲು ಹಳೆಯ ಗೋಡೆಗೆ ಚೆನ್ನಾಗಿ ನೀರು ಕುಡಿಸುತ್ತಿದ್ದಳು. ಅವಸರದ ಹೆಂಗಸರು ಇದನ್ನೇ ಮಾಡುವುದಿಲ್ಲ. ಒಣ ಗೋಡೆಯ ಮೇಲೆ ಮೆತ್ತಿದ ಮಣ್ಣು ಚಳಿಗಾಲ ಕಳೆಯುವಷ್ಟರಲ್ಲಿ ಹಪ್ಪಳದಂತೆ ಎದ್ದು ಬೀಳುತ್ತದೆ. ನೀರು ಕುಡಿದ ಗೋಡೆ ಹಾಗಲ್ಲ, ಹೊಸ ಮಣ್ಣನ್ನು ತನ್ನೊಳಗೇ ಎಳೆದುಕೊಂಡು ಒಂದಾಗಿಬಿಡುತ್ತದೆ. ಆಮೇಲೆ ಅಂಗೈಯಿಂದ ಬಿಲ್ಲಿನಂತೆ ಬಾಗಿದ ಗೀರುಗಳು, ಒಂದರ ಪಕ್ಕ ಒಂದು, ಎಲ್ಲವೂ ಬಲಕ್ಕೆ. ಬಿಪನಾ ನೀರು ತಂದು ಕೊಟ್ಟಳು, ಬಿಳಿ ಮಣ್ಣು ಕಲಸಿದಳು, ಕೊನೆಗೆ ದೂರ ನಿಂತು ನೋಡಿ “ಚೆನ್ನಾಗಿದೆ” ಎಂದಳು. ಮನ್ಸರಾಗೆ ಅಷ್ಟು ಸಾಕಾಗಿತ್ತು. ಅಲ್ಲಿಗೆ ನಿಲ್ಲಿಸಿದ್ದರೆ ಎಷ್ಟು ಚೆನ್ನಾಗಿತ್ತು.

ಮರುದಿನ ಹಬ್ಬದ ರಜೆಗೆ ಮುಂಚಿನ ಕೊನೆಯ ಶಾಲೆ. ಬಿಪನಾ ಹೋಗಿದ್ದಳು. ಅತ್ತೆ ದೇವರ ಮೂಲೆಯಲ್ಲಿ ಹಬ್ಬದ ಮೊಳಕೆ ಜಮರಾಗೆಂದು ಬಿತ್ತಲು ಬಾರ್ಲಿ ಬೀಜ ಕೇಳಿಕೊಂಡು ಮೇಲಿನ ಮನೆಗೆ ಹೋಗಿದ್ದಳು. ಮನ್ಸರಾ ಒಳಗಿನ ಗೋಡೆಗಳನ್ನು ಮುಗಿಸುತ್ತ ಬಂದು ಏಣಿಮೆಟ್ಟಿಲ ಕೆಳಗಿನ ಮೂಲೆಗೆ ತಲುಪಿದಳು. ಅಲ್ಲಿ ಬಿಪನಾ ಮಲಗುವ ಚಾಪೆ. ಚಾಪೆ ಸುತ್ತಿಟ್ಟು ನೋಡಿದರೆ ಆ ಗೋಡೆ ಅಷ್ಟೇನೂ ಕೆಟ್ಟಿರಲಿಲ್ಲ. ಆದರೆ ಗೀರುಗಳೆಲ್ಲ ತಿರುಗುಮುರುಗು. ಎಲ್ಲರ ಗೀರು ಬಲಕ್ಕೆ ಬಾಗಿದರೆ ಇವು ಎಡಕ್ಕೆ ಬಾಗಿದ್ದವು. ಯಾರೋ ಕೆಲಸ ಬಾರದವರು ಮೆತ್ತಿದ್ದಾರೆ ಎಂದುಕೊಂಡಳು ಮನ್ಸರಾ. ಹಬ್ಬಕ್ಕೆ ಬಂದವರು ನೋಡಿದರೆ ನನ್ನ ಕೈಕೆಲಸ ಎಂದು ತಿಳಿದಾರು.

ಗೋಡೆಗೆ ನೀರು ಕುಡಿಸಿದಳು. ಅಂಗೈ ತುಂಬ ಮಣ್ಣು ತೆಗೆದುಕೊಂಡು ಗೀರುಗಳನ್ನೆಲ್ಲ ನೇರ್ಪು ಮಾಡಿ ಮೆತ್ತಿದಳು. ದಿಂಬು ಬರುವ ಜಾಗದಲ್ಲಿ ಬಿಳಿ ಮಣ್ಣಿನಿಂದ ಎರಡು ಚೆಂಡುಹೂ ಬಿಡಿಸಿದಳು. ಹುಡುಗಿ ಮಲಗಿದಾಗ ಕಣ್ಣಿಗೆ ಬೀಳಲಿ ಎಂದು. ಅವಳು ಈ ಮನೆಯಲ್ಲಿ ಮಾಡಿದ ಕೆಲಸದಲ್ಲೆಲ್ಲ ಪ್ರೀತಿಯಿಂದ ಮಾಡಿದ್ದು ಅದೇ.

ಬಿಪನಾ ಶಾಲೆಯಿಂದ ಬಂದವಳು ಚೀಲ ಇಡಲು ಒಳಗೆ ಹೋದಳು. ಮನ್ಸರಾ ಇಣುಕಿ ನೋಡಿದರೆ ಹುಡುಗಿ ಗೋಡೆಗೆ ಅಂಗೈ ಒತ್ತಿ ನಿಂತಿದ್ದಳು. ಕೈ ತೆಗೆದಾಗ ಅಂಗೈಗೆ ಹಸಿ ಮಣ್ಣು ಅಂಟಿತ್ತು. ಅವಳು ಅದನ್ನೇ ನೋಡಿದಳು.

“ಹೂ ಚೆನ್ನಾಗಿಲ್ವಾ ನಾನಿ?” ಎಂದಳು ಮನ್ಸರಾ, ಪುಟ್ಟಿ ಎಂದು ಕರೆಯುವ ಮುದ್ದಿನಲ್ಲಿ.

ಹುಡುಗಿ ಅವಳ ಪಕ್ಕದಿಂದ ಹಾದು ಹೊರಗೆ ಹೋಗಿ ಆಡಿನ ಕೊಟ್ಟಿಗೆಯಲ್ಲಿ ಕೂತಳು. ಊಟಕ್ಕೆ ಕರೆದರೆ ಬರಲಿಲ್ಲ. ಅತ್ತೆ ಬಂದು, ಒಳಗೆ ಹೋಗಿ ಗೋಡೆ ನೋಡಿ, ಅಲ್ಲೇ ಮೆಟ್ಟಿಲ ಮೇಲೆ ಕುಸಿದಳು.

“ಇದನ್ನ ಯಾಕೆ ಮುಟ್ಟಿದೆ?”

“ಒಳಗೂ ಹೊರಗೂ ಅಂದ್ರಲ್ಲ ಆಮಾ...”

“ಅಂದೆ. ನನ್ನ ಬಾಯಿಗೆ ಮಣ್ಣು ಹಾಕ.” ಮುದುಕಿ ಗೋಡೆಯ ಕಡೆ ಕೈ ತೋರಿದಳು. “ಅದು ಹೋದವಳ ಗೋಡೆ. ಅವಳು ಎಡಚಿ. ಕೊನೇ ದಸೈಂಗೆ ಅವಳೇ ಮೆತ್ತಿದ್ದು. ಹೊರಗಿನದೆಲ್ಲ ಮಳೆಗೆ ಹೋಯ್ತು. ಇದೊಂದು ಉಳಿದಿತ್ತು. ಹುಡುಗಿ ಆ ಗೀರಿನ ಮೇಲೆ ಬೆರಳಿಟ್ಟುಕೊಂಡು ಮಲಗ್ತಿದ್ಲು. ನೀನು ನೋಡಿರ್ಲಿಲ್ವಾ?”

ನೋಡಿದ್ದಳು. ನಿದ್ದೆಯ ಹುಡುಗಿ ಗೋಡೆ ಮುಟ್ಟಿಕೊಂಡು ಮಲಗುತ್ತಾಳೆ ಎಂದುಕೊಂಡಿದ್ದಳು. “ನಂಗ್ಯಾರೂ ಹೇಳ್ಲಿಲ್ಲ,” ಎಂದಳು.

ಹೇಳುವುದು ಹೇಗೆ? ಹೊಸ ಹೆಂಡತಿಯ ಎದುರು ಸತ್ತ ಹೆಂಡತಿಯ ಹೆಸರೆತ್ತಬಾರದು, ಬಂದವಳ ಮನಸ್ಸು ನೋಯುತ್ತದೆ ಎಂದು ಈ ಕಡೆಯ ಒಳ್ಳೆಯ ಮನೆಗಳಲ್ಲಿ ಪಾಲಿಸಿಕೊಂಡು ಬಂದ ಮರ್ಯಾದೆ. ಮನ್ಸರಾ ಬಂದ ದಿನದಿಂದ ಮೂವರೂ ಆ ಮರ್ಯಾದೆಯನ್ನು ಉಸಿರು ಬಿಗಿಹಿಡಿದು ಕಾಪಾಡಿದ್ದರು. ಫೋಟೊ ಪೆಟ್ಟಿಗೆ ಸೇರಿತ್ತು. ಹೆಸರು ಬಾಯಿಗೆ ಬಂದರೆ ಕೆಮ್ಮುತ್ತಿದ್ದರು. ಹಾಳು ಮರ್ಯಾದೆ! ಒಬ್ಬರ ಬಾಯಲ್ಲಾದರೂ ಒಂದು ಸಲ ಆ ಹೆಸರು ಬಂದಿದ್ದರೆ ಆ ಗೋಡೆ ಉಳಿಯುತ್ತಿತ್ತು. ಮನ್ಸರಾಗೆ ಅವಳ ಹೆಸರು ಖಗಿಸರಾ ಎಂಬುದು ಗೊತ್ತಿದ್ದದ್ದು ಕೂಡ ಮದುವೆಗೆ ಮುಂಚೆ ತವರಿನಲ್ಲಿ ಕೇಳಿದ್ದರಿಂದ.

ಸಂಜೆ ಕೊಟ್ಟಿಗೆಯ ಕಡೆಯಿಂದ ಬಿಪನಾ ಅಜ್ಜಿಗೆ ಹೇಳುವುದು ಅವಳ ಕಿವಿಗೆ ಬಿತ್ತು.

“ಬಜೈ, ಟಿಕಾ ದಿನ ಬೆಳಗ್ಗೇನೇ ನಾನು ಮಾಮನ ಮನೆಗೆ ಹೋಗ್ತೀನಿ. ಅವರ ಕೈಯಿಂದ ನಂಗೆ ಟಿಕಾ ಬೇಡ.”

“ಊರು ಏನನ್ನುತ್ತೆ ನಾನಿ?”

“ಏನು ಬೇಕಾದ್ರೂ ಅನ್ಲಿ. ನಾನು ವಾಪಸ್ಸೂ ಬರಲ್ಲ.”

ಹಬ್ಬ ಶುರುವಾಯಿತು. ದೇವರ ಮೂಲೆಯ ಕತ್ತಲಲ್ಲಿ ಬಾರ್ಲಿ ಮೊಳೆತು ಹಳದಿ ಜಮರಾ ಏಳತೊಡಗಿತು. ಊರ ಹುಡುಗರು ಬಿದಿರು ನೆಟ್ಟು ಉಯ್ಯಾಲೆ ಕಟ್ಟಿದರು. ಮನ್ಸರಾಗೆ ಇದ್ಯಾವುದೂ ಕಾಣಲಿಲ್ಲ. ಬಿಪನಾ ಉಯ್ಯಾಲೆಗೆ ಹೋದ ಒಂದು ಮಧ್ಯಾಹ್ನ ಅವಳು ಒದ್ದೆ ಬಟ್ಟೆ ಹಿಡಿದು ಗೋಡೆಯ ಮುಂದೆ ಕೂತಳು. ತನ್ನ ಪದರವನ್ನು ಮೆಲ್ಲಗೆ ನೆನೆಸಿ ಎಬ್ಬಿಸಿದರೆ ಅಡಿಯಲ್ಲಿ ಖಗಿಸರಾಳ ಗೀರು ಸಿಕ್ಕೀತು ಎಂಬ ಆಸೆ. ಒರೆಸಿದಳು, ಉಗುರಿನಿಂದ ಕೆರೆದಳು, ಮತ್ತೆ ಒರೆಸಿದಳು. ಇದ್ದಕ್ಕಿದ್ದಂತೆ ಮೊರದಗಲ ಮಣ್ಣು ಎರಡೂ ಪದರ ಸೇರಿ ದೊಪ್ಪನೆ ಮಡಿಲಿಗೆ ಬಿತ್ತು. ಹಿಂದೆ ಬರೀ ಕಲ್ಲು. ಅವಳದ್ದು ಯಾವುದು, ತನ್ನದು ಯಾವುದು ಎಂದು ಗುರುತಿಸುವಂತೆಯೇ ಇರಲಿಲ್ಲ.

ಸದ್ದು ಕೇಳಿ ಬಂದ ಅತ್ತೆ ಬಾಗಿಲಲ್ಲಿ ನಿಂತಳು. ಬಯ್ಯಲಿಲ್ಲ.

“ನೀರು ಕುಡಿಸಿದ್ದೀಯ,” ಎಂದಳು. “ನಿಂಗೆ ಕೆಲಸ ಬರದೇ ಇದ್ದಿದ್ರೆ ಚೆನ್ನಾಗಿತ್ತು ಬುಹಾರಿ. ತಾನಾಗೇ ಉದುರ್ತಿತ್ತು.”

ಮನ್ಸರಾ ಮಡಿಲ ಮಣ್ಣನ್ನು ಹಿಡಿದುಕೊಂಡೇ ಅತ್ತಳು. ಅತ್ತೆ ತಡೆಯಲಿಲ್ಲ, ಬಂದು ಪಕ್ಕದಲ್ಲಿ ಕೂತಳು.

“ಮೊದಮೊದಲು ನಾನು ಅವಳ ಎಡಗೈಗೆ ಸೌಟಲ್ಲಿ ಹೊಡೀತಿದ್ದೆ,” ಎಂದಳು ಮುದುಕಿ. “ಅನ್ನ ಬಡಿಸೋದು, ದೀಪ ಹಚ್ಚೋದು ಎಲ್ಲಾನೂ ಬಲಗೈಗೆ ಬದಲಾಯಿಸಿಕೊಂಡ್ಲು. ಗೋಡೆ ಒಂದಕ್ಕೆ ಮಾತ್ರ ಒಪ್ಪಲಿಲ್ಲ. ‘ಇದು ಅನ್ನ ಅಲ್ಲ, ದೇವ್ರೂ ಅಲ್ಲ, ಇಷ್ಟಾದ್ರೂ ನನ್ನ ಕೈಗೆ ಬಿಡಿ ಆಮಾ’ ಅಂದ್ಲು. ಬಿಟ್ಟೆ. ನಾನು ಅವಳಿಗೆ ಬಿಟ್ಟಿದ್ದು ಅದೊಂದೇ.”

ಸೊಸೆಯ ಎದುರು ಅತ್ತೆ ಸತ್ತವಳ ಬಗ್ಗೆ ಇಷ್ಟು ಬಿಚ್ಚಿ ಮಾತಾಡಿದ್ದು ಅದೇ ಮೊದಲು. ಹೆಸರು ಮಾತ್ರ ಇನ್ನೂ ಬಾಯಿಗೆ ಬಂದಿರಲಿಲ್ಲ.

ಏಳನೆಯ ದಿನ ಹರ್ಕ ಬಂದ. ಬಸ್ಸಿನ ಮೇಲೆ ಅಡುಗೆಮನೆಯ ಮಾಡಿಗೆ ಹೊಸ ತಗಡು, ಕೈಯಲ್ಲಿ ಆಕಾಶಬಣ್ಣದ ಪೇಂಟ್ ಡಬ್ಬ, ಬಾಯಲ್ಲಿ ಗದ್ದಲ. ಅಂಗಳಕ್ಕೆ ಬರುತ್ತಲೇ ಹೊರಗೋಡೆ ನೋಡಿ “ಯಾರ ಮನೆಗೆ ಬಂದುಬಿಟ್ಟೆ ನಾನು?” ಎಂದು ನಕ್ಕ. ಯಾರೂ ನಗದಿದ್ದಾಗ ಚೀಲ ಇಳಿಸಿ ಒಳಗೆ ಹೋದ. ಅತ್ತೆ ಹೇಳಿದ್ದನ್ನೆಲ್ಲ ಕೇಳಿದ.

“ಮಣ್ಣು ತಾನೆ?” ಎಂದ ಕೊನೆಗೆ. “ಪ್ರತಿ ವರ್ಷ ಅವಳೇ ತನ್ನ ಗೀರಿನ ಮೇಲೆ ತಾನೇ ಮೆತ್ತುತ್ತಿರಲಿಲ್ವಾ? ಇದಕ್ಕೆ ಇಷ್ಟೆಲ್ಲ...”

ಮಾತು ನಿಜವೇ. ಆದರೆ ಅದನ್ನು ಆಡಿದವನು ಆ ಮೂಲೆಯ ಕಡೆ ತಿರುಗಿಯೂ ನೋಡದೆ ಮಾಡಿನ ಮೇಲೆ ಹತ್ತಿದ. ಹಳೆಯ ಹುಲ್ಲು ಕಿತ್ತ, ಇಡೀ ದಿನ ತಗಡಿಗೆ ಮೊಳೆ ಬಡಿದ. ಬೇಡದ ಕಡೆಯೂ ಬಡಿದ. ಇಳಿದು ಬಂದವನೇ ಪೇಂಟ್ ಡಬ್ಬದ ಮುಚ್ಚಳ ಎಬ್ಬಿಸಿದ.

“ಕಿಟಕಿಗೆ ಅಂತ ತಂದಿದ್ದೆ. ಆ ಗೋಡೆಗೇ ಪೂರ್ತಿ ಹೊಡೆದುಬಿಡ್ತೀನಿ. ಎಡವೂ ಇಲ್ಲ, ಬಲವೂ ಇಲ್ಲ. ನೆಮ್ಮದಿ.”

ಮನ್ಸರಾ ಅವನಿಗೂ ಒಳಗೋಡೆಗೂ ನಡುವೆ ಬಂದು ನಿಂತಳು. “ಆ ಗೋಡೆಗೆ ಬಣ್ಣ ತಾಗಿಸ್ಬೇಡಿ. ಕಿಟಕಿಗೆ ಹೊಡೀರಿ, ಬಾಗಿಲಿಗೆ ಹೊಡೀರಿ, ಬೇಕಾದ್ರೆ ಆಡಿಗೂ ಹೊಡೀರಿ. ಅದಕ್ಕೆ ಬೇಡ.” ಗಂಡನಿಗೆ ಅವಳು ಎದುರಾಡಿದ್ದು ಅದೇ ಮೊದಲು. ಹರ್ಕ ಅವಳನ್ನೇ ನೋಡಿದ. ಆಮೇಲೆ ಕುಂಚ ತೆಗೆದುಕೊಂಡು ಕಿಟಕಿಯ ಕಡೆ ಹೋದ. ಬಣ್ಣ ಹೊಡೆಯುವಾಗ ಅವನ ಬೆನ್ನು ಅಲುಗುತ್ತಿತ್ತು.

ಒಂಬತ್ತನೆಯ ದಿನ ಬೆಳಗ್ಗೆ ಬಿಪನಾ ಕಟ್ಟಿಟ್ಟ ಚೀಲ ಬಾಗಿಲ ಹಿಂದೆ ಕೂತಿತ್ತು. ಅದನ್ನು ನೋಡಿಯೇ ಮನ್ಸರಾ ಮಣ್ಣು ಕಲಸಿದಳು. ಟಿಕಾಗೆ ಬಂದವರಿಗೆ ಕಲ್ಲು ಕಾಣುವಂತೆ ಗೋಡೆ ಬಿಡುವಂತಿರಲಿಲ್ಲ. ಬಲಗೈಯನ್ನು ಸೊಂಟಕ್ಕೆ ಸಿಕ್ಕಿಸಿ ಎಡಗೈಯಲ್ಲಿ ಮಣ್ಣು ತೆಗೆದಳು. ಮೊದಲ ಗೀರು ಸೊಟ್ಟಗಾಯಿತು. ಎರಡನೆಯದು ಮುದ್ದೆಯಾಗಿ ಕೆಳಗೆ ಬಿತ್ತು. ಊರಿಗೆ ಊರೇ ಹೊಗಳಿದವಳ ಕೈಯಿಂದ ಈಗ ಸಣ್ಣ ಮಕ್ಕಳ ಕೆಲಸ. ಕೆರೆದು ಮತ್ತೆ ಮೆತ್ತಿದಳು. ಅವಳಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಆದರೂ ಬಲಗೈ ತೆಗೆಯಲಿಲ್ಲ.

ಹಿಂದಿನಿಂದ ದನಿ ಬಂತು. “ಏನ್ ಮಾಡ್ತಿದ್ದೀರಿ?”

ಮನ್ಸರಾ ತಿರುಗಲಿಲ್ಲ. “ಅವರ ಹಾಗೆ ಬರುತ್ತಾ ಅಂತ ನೋಡ್ತಿದ್ದೀನಿ. ಬರ್ತಾ ಇಲ್ಲ.”

ಬಿಪನಾ ಅಷ್ಟು ಹೊತ್ತೂ ಬಾಗಿಲ ಬಳಿಯೇ ನಿಂತಿದ್ದಳು. ಇನ್ನೊಂದು ಮುದ್ದೆ ಜಾರಿ ಕೆಳಗೆ ಬಿದ್ದಾಗ ಅವಳಿಗೆ ತಡೆಯಲಾಗಲಿಲ್ಲ.

“ಹಾಗಲ್ಲ. ಮೇಲಿಂದ ಎಳೀಬಾರ್ದು. ಅಮ್ಮ ಕೆಳಗಿಂದ ಮೇಲಕ್ಕೆ ಎಳೀತಿದ್ಲು. ಮೊಣಕೈ ಗೋಡೆಗೆ ತಾಗಿಸಿ.”

“ಹೀಗಾ?”

“ಅಲ್ಲ.” ಹುಡುಗಿ ಬಂದು ಅವಳ ಎಡ ಮಣಿಕಟ್ಟು ಹಿಡಿದಳು. ಮೊಣಕೈಯನ್ನು ಗೋಡೆಗೆ ಒತ್ತಿ, ಅಂಗೈ ತಿರುಗಿಸಿ ಮೇಲಕ್ಕೆ ಎಳೆಸಿದಳು. ಗೀರು ನಡುಗುತ್ತ ಎದ್ದಿತು, ಎಡಕ್ಕೆ ಬಾಗಿತು. ಇಬ್ಬರೂ ಅದನ್ನು ನೋಡಿದರು. ಚೆನ್ನಾಗೇನೂ ಇರಲಿಲ್ಲ.

“ನಂಗೂ ಕೊಡಿ,” ಎಂದಳು ಬಿಪನಾ. ಅವಳದ್ದು ಇನ್ನೂ ಸೊಟ್ಟಗಾಯಿತು. ಒಮ್ಮೆ ಕೆರೆದಳು, ಮತ್ತೊಮ್ಮೆ ಎಳೆದಳು, ಆಮೇಲೆ ಗೋಡೆಗೆ ಹಣೆ ಹಚ್ಚಿ ಬಿಕ್ಕಿ ಬಿಕ್ಕಿ ಅತ್ತಳು. ಅಮ್ಮ ಸತ್ತ ಮೇಲೆ ಅವಳು ಹೀಗೆ ಅತ್ತದ್ದನ್ನು ಮನೆಯಲ್ಲಿ ಯಾರೂ ನೋಡಿರಲಿಲ್ಲ. ಮನ್ಸರಾ ಅವಳ ಬೆನ್ನ ಮೇಲೆ ಕೈಯಿಡಲು ಹೋದಳು. ಕೈ ಮಣ್ಣಾಗಿತ್ತು. ಇರಲಿ ಎಂದು ಇಟ್ಟೇಬಿಟ್ಟಳು. ಹುಡುಗಿ ಕೊಡವಿಕೊಳ್ಳಲಿಲ್ಲ. ಮೊರದಗಲದ ಆ ಜಾಗ ಮುಗಿಯುವ ಹೊತ್ತಿಗೆ ಮಧ್ಯಾಹ್ನವಾಗಿತ್ತು.

ಚೀಲವನ್ನು ಯಾರೂ ಬಿಚ್ಚಲಿಲ್ಲ. ಮನ್ಸರಾ ಕೇಳಲೂ ಇಲ್ಲ. ಕೇಳಲು ಅವಳಿಗೆ ಭಯ.

ಹತ್ತನೆಯ ದಿನ ಬೆಳಗ್ಗೆ ಎದ್ದು ನೋಡಿದರೆ ಚೀಲ ಅಲ್ಲೇ ಇತ್ತು. ಹುಡುಗಿ ಸ್ನಾನ ಮಾಡಿ, ಹೊಸ ಕುರ್ತಾ ತೊಟ್ಟು, ಮಣೆಯ ಮೇಲೆ ಕೂತಿದ್ದಳು. ಮೊದಲು ಅಜ್ಜಿ ಟಿಕಾ ಇಟ್ಟು ಕಿವಿಗೆ ಜಮರಾ ಸಿಕ್ಕಿಸಿದಳು. ಆಮೇಲೆ ಅಪ್ಪ. ಆಮೇಲೆ ತಟ್ಟೆ ಮನ್ಸರಾಳ ಕೈಗೆ ಬಂತು. ಪಕ್ಕದ ಮನೆಯವರೆಲ್ಲ ಆಗಲೇ ಬಂದು ಸೇರಿದ್ದರು. ಬಿಪನಾ ಏಳಲಿಲ್ಲ. ಕಣ್ಣು ಮುಚ್ಚಿ ಹಣೆ ಮುಂದೆ ತಂದಳು. ಮನ್ಸರಾ ಟಿಕಾ ಒತ್ತಿದಳು, ಅಕ್ಕಿ ಅರ್ಧ ಮೂಗಿನ ಮೇಲೆ ಉದುರಿತು. ಮಗಳಿಗೆ ಟಿಕಾ ಇಟ್ಟವರು ಮಗಳ ಕಾಲಿಗೆ ಬಗ್ಗಬೇಕು, ಅದು ಈ ಕಡೆಯ ಪದ್ಧತಿ. ಮನ್ಸರಾ ಬಗ್ಗಿದಳು, ಬೇಗ ಏಳಲಿಲ್ಲ.

ಠೂಲಿ ಕಾಕಿಯ ಕಣ್ಣು ಅಷ್ಟರಲ್ಲಿ ಏಣಿಮೆಟ್ಟಿಲ ಕೆಳಗೆ ಹೋಗಿತ್ತು.

“ಅಯ್ಯಯ್ಯೋ! ಹೊರಗೆ ಅಷ್ಟು ಚೆಂದ ಮಾಡಿ ಇಲ್ಲೇನಿದು, ಕೋಳಿ ಕೆದರಿದ ಹಾಗೆ? ಬುಹಾರಿ, ಇದೂ ನಿನ್ನ ಕೈಯೇನಾ?”

ಮನ್ಸರಾ ತಟ್ಟೆಯ ಅಂಚಿನ ಅಕ್ಕಿ ಒರೆಸಿದಳು. ಹರ್ಕ ನೆಲ ನೋಡಿದ. ಮನೆಯ ಹಳೆಯ ಮರ್ಯಾದೆ ಮತ್ತೆ ಎಲ್ಲರ ಬಾಯಿ ಹಿಡಿಯಿತು.

“ಅದು ನಮ್ಮಮ್ಮನ ಗೋಡೆ,” ಎಂದಳು ಬಿಪನಾ. “ಕಾಂಛಿ ಆಮಾ ಎಡಗೈಲಿ ಮೆತ್ತಿದ್ದು. ಅವರಿಗೆ ಎಡಗೈ ಇನ್ನೂ ಸರಿಯಾಗಿ ಬರಲ್ಲ. ಮುಂದಿನ ದಸೈಂಗೆ ಬರುತ್ತೆ.”

ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡು ಗೋಡೆಯ ಕಡೆ ನೋಡಿದಳು.

“ಖಗಿಸರಾ ಇದನ್ನ ನೋಡಿದ್ರೆ ಬಿದ್ದು ಬಿದ್ದು ನಗ್ತಿದ್ಲು,” ಎಂದಳು.

ಹೆಸರು ಕೇಳಿ ಹರ್ಕ ತಲೆ ಎತ್ತಿದ. ಎಲ್ಲರ ಕಣ್ಣೂ ಮನ್ಸರಾಳ ಮುಖಕ್ಕೆ ಹೋದವು, ನೋಯಿತೇನೋ ಎಂದು. ಅವಳು ತಟ್ಟೆಯನ್ನು ಕೆಳಗಿಟ್ಟು ಹುಡುಗಿಯ ಪಕ್ಕದಲ್ಲೇ ನೆಲದ ಮೇಲೆ ಕೂತಳು.

“ಹೇಗೆ ನಗ್ತಿದ್ರು ಅವರು?” ಎಂದು ಕೇಳಿದಳು.

ಮೂವರೂ ಒಟ್ಟಿಗೇ ಹೇಳಲು ಶುರುಮಾಡಿದರು.